ಹೆಗಲ ಮೇಲಿನ ಆ ಪಟ್ಟಿ ಯಾರದ್ದು?

ಮೊದಲು ಈ ಸೌಂದರ್ಯ ಸ್ಪರ್ಧೆಗಳ ಹೆಸರಿನ ಗೊಂದಲ ಮುಗಿಸಿಬಿಡೋಣ. ನಮ್ಮ ಪತ್ರಿಕೆಗಳಲ್ಲಿ ಮಿಸ್ ವರ್ಲ್ಡ್ ಅಂದರೆ ‘ವಿಶ್ವ ಸುಂದರಿ’, ಮಿಸ್ ಯೂನಿವರ್ಸ್ ಅಂದರೆ ‘ಭುವನ ಸುಂದರಿ’. ಆದರೆ ಯೂನಿವರ್ಸ್ ಅಂದರೆ ವಿಶ್ವ, ಭುವನ ಅಂದರೆ ಲೋಕ. ಹೆಸರು ಅದಲುಬದಲಾಗಿದೆ, ಅಲ್ವಾ? ಮೊದಲು ಯಾರು ಹೀಗೆ ಬರೆದರೋ, ಅದೇ ನಿಂತುಬಿಟ್ಟಿತು. ಈಗ ತಿದ್ದಲು ಹೋದರೆ ಗೊಂದಲ ಇನ್ನೂ ಜಾಸ್ತಿಯಾಗುತ್ತದೆ. ಹಾಗಾಗಿ ನಾನೂ ಅದನ್ನೇ ಬಳಸುತ್ತೇನೆ.

1994ರ ಮೇ ತಿಂಗಳಲ್ಲಿ ಮನಿಲಾದಲ್ಲಿ ಸುಷ್ಮಿತಾ ಸೇನ್ ಭುವನ ಸುಂದರಿಯಾದರು. ಅದೇ ನವೆಂಬರಿನಲ್ಲಿ ದಕ್ಷಿಣ ಆಫ್ರಿಕಾದ ಸನ್ ಸಿಟಿಯಲ್ಲಿ ಐಶ್ವರ್ಯಾ ರೈ ವಿಶ್ವ ಸುಂದರಿಯಾದರು. ಇಬ್ಬರೂ ಬೇರೆ ಬೇರೆ ಸ್ಪರ್ಧೆ ಗೆದ್ದವರು. ಆ ಸ್ಪರ್ಧೆ ನಡೆಸುವವರೂ ಬೇರೆ, ನಿಯಮವೂ ಬೇರೆ. ಇವೆರಡರ ಜೊತೆಗೆ 1960ರಲ್ಲಿ ಶುರುವಾದ ಮಿಸ್ ಇಂಟರ್‌ನ್ಯಾಷನಲ್, 2001ರಲ್ಲಿ ಫಿಲಿಪ್ಪೀನ್ಸಿನಲ್ಲಿ ಶುರುವಾದ ಮಿಸ್ ಅರ್ತ್ ಸೇರಿಸಿದರೆ, ಈ ಲೋಕದವರು ‘ದೊಡ್ಡ ನಾಲ್ಕು’ ಅನ್ನುವ ಗುಂಪು ಸಿಗುತ್ತದೆ. 2010ರಲ್ಲಿ ಬೆಂಗಳೂರಿನ ನಿಕೋಲ್ ಫಾರಿಯಾ ಗೆದ್ದದ್ದು ಮಿಸ್ ಅರ್ತ್. ನಮ್ಮಲ್ಲಿ ಅದು ಅಷ್ಟು ಸುದ್ದಿಯಾಗಲಿಲ್ಲ.

ಸ್ಪರ್ಧೆ ಬಂದಾಗಲೆಲ್ಲ ನಮಗೆ ಕಾಣುವುದು ಒಂದೇ ದೃಶ್ಯ. ನೂರಕ್ಕೂ ಹೆಚ್ಚು ಯುವತಿಯರು, ಪ್ರತಿಯೊಬ್ಬರ ಹೆಗಲಿನಿಂದ ಸೊಂಟಕ್ಕೆ ಇಳಿದ ಒಂದು ರಿಬ್ಬನ್ ಪಟ್ಟಿ. ಅದಕ್ಕೆ ಸ್ಯಾಶ್ ಅನ್ನುತ್ತಾರೆ. ಅದರ ಮೇಲೆ ದೇಶದ ಹೆಸರು. ನೋಡಿದರೆ ಒಲಿಂಪಿಕ್ಸ್ ನೆನಪಾಗುತ್ತದೆ. ಆಯಾ ದೇಶವೇ ಆರಿಸಿ ಕಳಿಸಿದೆ ಅನ್ನಿಸುತ್ತದೆ. ಇಲ್ಲೇ ನಾವು ಎಡವುವುದು. ದೇಶ ಯಾರನ್ನೂ ಕಳಿಸಿರುವುದಿಲ್ಲ. ಆ ಪಟ್ಟಿ ಲೈಸೆನ್ಸ್ ಮೇಲೆ ಬಂದದ್ದು.

ಈಜುಡುಗೆ ಮಾರಲು ಹುಟ್ಟಿದ್ದು

1921ರಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿಯಲ್ಲಿ ಒಂದು ಸ್ಪರ್ಧೆ ನಡೆಯಿತು. ಬೇಸಿಗೆ ರಜೆ ಮುಗಿಯುತ್ತಿದ್ದಂತೆ ಕಡಲತೀರ ಖಾಲಿಯಾಗುತ್ತಿತ್ತು. ಪ್ರವಾಸಿಗರನ್ನು ಇನ್ನೊಂದಷ್ಟು ದಿನ ಹಿಡಿದಿಡಬೇಕೆಂದು ಅಲ್ಲಿನ ವ್ಯಾಪಾರಿಗಳು ಹೂಡಿದ ಉಪಾಯ ಅದು. ಮುಂದೆ ಅದೇ ಮಿಸ್ ಅಮೆರಿಕ ಆಯಿತು.

1950ರಲ್ಲಿ ಆ ಕಿರೀಟ ಗೆದ್ದವರು ಯೋಲಾಂಡ್ ಬೆಟ್ಬೀಜ್. ಗೆದ್ದ ಮೇಲೆ ಅವರು ಒಂದು ಮಾತು ಹೇಳಿದರು: ಈಜುಡುಗೆ ತೊಟ್ಟು ಊರೂರು ಸುತ್ತುವುದು ನನ್ನಿಂದಾಗದು. ಅವರು ಹಾಡುಗಾರ್ತಿ, ಒಪೆರಾ ಹಾಡುವವರು. ಆದರೆ ಸ್ಪರ್ಧೆಗೆ ದುಡ್ಡು ಹಾಕಿದ್ದದ್ದು ಕ್ಯಾಟಲಿನಾ ಅನ್ನುವ ಈಜುಡುಗೆ ಕಂಪನಿ. ಕಂಪನಿಗೆ ಸಿಟ್ಟು ಬಂತು. ಪ್ರಾಯೋಜಕತ್ವ ಹಿಂತೆಗೆದುಕೊಂಡು, ತನ್ನದೇ ಸ್ಪರ್ಧೆ ಮಾಡಲು ಹೊರಟಿತು. 1952ರಲ್ಲಿ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ಮೊದಲ ಮಿಸ್ ಯೂನಿವರ್ಸ್ ನಡೆಯಿತು. ಫಿನ್ಲೆಂಡಿನ ಆರ್ಮಿ ಕೂಸೆಲಾ ಗೆದ್ದರು. ಒಬ್ಬ ಹುಡುಗಿ ‘ಇಲ್ಲ’ ಅಂದದ್ದರಿಂದ ಹುಟ್ಟಿಕೊಂಡ ಸ್ಪರ್ಧೆ ಇದು.

ವಿಶ್ವ ಸುಂದರಿಯ ಕತೆಯೂ ಹತ್ತಿರಹತ್ತಿರ ಇದೇ. 1951ರಲ್ಲಿ ಲಂಡನ್ನಿನಲ್ಲಿ ‘ಫೆಸ್ಟಿವಲ್ ಆಫ್ ಬ್ರಿಟನ್’ ಅನ್ನುವ ದೊಡ್ಡ ಉತ್ಸವ ನಡೆಯುತ್ತಿತ್ತು. ಡಾನ್ಸ್ ಹಾಲ್‌ಗಳನ್ನು ನಡೆಸುವ ಕಂಪನಿಯಲ್ಲಿದ್ದ ಎರಿಕ್ ಮಾರ್ಲಿ, ಜನ ಸೇರಿಸಲು ಒಂದು ಬಿಕಿನಿ ಸ್ಪರ್ಧೆ ಇಟ್ಟರು. ಸ್ಪರ್ಧಿಗಳಲ್ಲಿ ಬಹುಪಾಲು ಬ್ರಿಟನ್ನಿನವರೇ. ಗೆದ್ದದ್ದು ಮಾತ್ರ ಸ್ವೀಡನ್ನಿನ ಕಿಕಿ ಹಾಕನ್ಸನ್. ಬಿಕಿನಿಯಲ್ಲೇ ಕಿರೀಟ ತೊಟ್ಟ ಏಕೈಕ ವಿಶ್ವ ಸುಂದರಿ ಅವರು. ಒಂದು ಸಲ ಮಾಡಿ ಮುಗಿಸುವ ಲೆಕ್ಕಾಚಾರವಿತ್ತು. ಅಮೆರಿಕದವರು ಮಿಸ್ ಯೂನಿವರ್ಸ್ ಮಾಡುತ್ತಿದ್ದಾರೆಂದು ಗೊತ್ತಾದ ಮೇಲೆ ಮಾರ್ಲಿ ಇದನ್ನು ವರ್ಷವರ್ಷವೂ ನಡೆಸತೊಡಗಿದರು. 2000ದಲ್ಲಿ ಅವರು ತೀರಿಕೊಂಡರು. ಆಮೇಲೆ ಸ್ಪರ್ಧೆಯ ಚುಕ್ಕಾಣಿ ಅವರ ಹೆಂಡತಿ ಜೂಲಿಯಾ ಮಾರ್ಲಿ ಕೈಗೆ ಬಂತು. ಅಂದರೆ ವಿಶ್ವ ಸುಂದರಿ ಒಂದು ರೀತಿಯಲ್ಲಿ ಕುಟುಂಬದ ಉದ್ಯಮ.

ಭುವನ ಸುಂದರಿ ಹಾಗಲ್ಲ, ಅದು ಕೈಯಿಂದ ಕೈಗೆ ಹೋದ ಸರಕು. 1996ರಿಂದ 2015ರವರೆಗೆ ಡೊನಾಲ್ಡ್ ಟ್ರಂಪ್ ಅದರ ಒಡೆಯರಲ್ಲಿ ಒಬ್ಬರು. ಆಮೇಲೆ ಡಬ್ಲ್ಯುಎಂಇ-ಐಎಂಜಿ ಕಂಪನಿ. 2022ರಲ್ಲಿ ಥಾಯ್ಲೆಂಡಿನ ಜೆಕೆಎನ್ ಗ್ಲೋಬಲ್ 2 ಕೋಟಿ ಡಾಲರಿಗೆ ಕೊಂಡಿತು. ಆಗ ಅದರ ಮುಖ್ಯಸ್ಥೆಯಾಗಿದ್ದ ಆ್ಯನ್ ಜಕ್ರಜುತಾಟಿಪ್ ಟ್ರಾನ್ಸ್‌ಜೆಂಡರ್ ಮಹಿಳೆ. ಒಂದೇ ವರ್ಷದಲ್ಲಿ ಜೆಕೆಎನ್ ಸಾಲದಲ್ಲಿ ಸಿಕ್ಕಿಕೊಂಡು, ಪಾಲಿನಲ್ಲಿ ಅರ್ಧ ಮೆಕ್ಸಿಕೋದ ಉದ್ಯಮಿಯೊಬ್ಬರ ಕಡೆಗೆ ಹೋಯಿತು.

ಲೈಸೆನ್ಸ್ ಯಾರ ಕೈಯಲ್ಲಿದೆಯೋ ಅವರದ್ದೇ ಆಯ್ಕೆ

ಮುಖ್ಯ ಕಂಪನಿ ಪ್ರತಿ ದೇಶದಲ್ಲೂ ಒಬ್ಬರಿಗೆ ಹಕ್ಕು ಕೊಡುತ್ತದೆ. ಅವರನ್ನು ನ್ಯಾಷನಲ್ ಡೈರೆಕ್ಟರ್ ಅನ್ನುತ್ತಾರೆ. ಅದು ಒಂದು ಪತ್ರಿಕಾ ಸಂಸ್ಥೆ ಆಗಿರಬಹುದು, ಟಿವಿ ಚಾನೆಲ್ ಆಗಿರಬಹುದು, ಹಳೆಯ ಸ್ಪರ್ಧಿಯೇ ಆಗಿರಬಹುದು. ಅವರು ಶುಲ್ಕ ಕಟ್ಟುತ್ತಾರೆ, ತಮ್ಮ ದೇಶದಲ್ಲಿ ಸ್ಪರ್ಧೆ ನಡೆಸುತ್ತಾರೆ, ಗೆದ್ದವರನ್ನು ತರಬೇತಿ ಕೊಟ್ಟು ಕಳಿಸುತ್ತಾರೆ. ಹೋಟೆಲ್ ಸರಪಳಿಯೊಂದು ಊರೂರಲ್ಲಿ ಫ್ರಾಂಚೈಸಿ ಕೊಡುತ್ತದಲ್ಲ, ಅದೇ ಲೆಕ್ಕ.

ಭಾರತವನ್ನೇ ತೆಗೆದುಕೊಳ್ಳಿ. 1964ರಿಂದ ನಡೆಯುತ್ತಿರುವ ಫೆಮಿನಾ ಮಿಸ್ ಇಂಡಿಯಾ ಟೈಮ್ಸ್ ಸಮೂಹದ್ದು. ತುಂಬ ವರ್ಷ ಎರಡೂ ಸ್ಪರ್ಧೆಗೆ ಹುಡುಗಿಯರು ಅಲ್ಲಿಂದಲೇ ಹೋಗುತ್ತಿದ್ದರು. 2010ರಲ್ಲಿ ಭುವನ ಸುಂದರಿಯ ಹಕ್ಕು ಸುಷ್ಮಿತಾ ಸೇನ್ ಅವರ ಸಂಸ್ಥೆಗೆ ಹೋಯಿತು. ‘ಐ ಆ್ಯಮ್ ಶೀ’ ಅನ್ನುವ ಹೆಸರಿನಲ್ಲಿ ಅವರು ಮೂರು ವರ್ಷ ಸ್ಪರ್ಧೆ ನಡೆಸಿದರು. 2013ರಲ್ಲಿ ಅದು ಮತ್ತೆ ಟೈಮ್ಸ್ ಕಡೆಗೆ ಬಂದು ‘ಮಿಸ್ ದಿವಾ’ ಆಯಿತು. 2024ರಿಂದ ಗ್ಲಾಮಾನಂದ್ ಅನ್ನುವ ಇನ್ನೊಂದು ಸಂಸ್ಥೆಯ ಕೈಯಲ್ಲಿದೆ. ವಿಶ್ವ ಸುಂದರಿಗೆ ಹೋಗುವವರು ಮಾತ್ರ ಈಗಲೂ ಫೆಮಿನಾದಿಂದಲೇ. ಹೀಗಾಗಿ ಒಂದೇ ವರ್ಷ ಇಬ್ಬರು ಮೂವರು ‘ಮಿಸ್ ಇಂಡಿಯಾ’ಗಳು ಕಂಡರೆ ಗಾಬರಿಯಾಗಬೇಡಿ. ಯಾರೂ ಸುಳ್ಳು ಹೇಳುತ್ತಿಲ್ಲ.

ಪಟ್ಟಿಗೂ ದೇಶಕ್ಕೂ ಇರುವ ಈ ಸಡಿಲ ಗಂಟು ಯಾವಾಗ ಗೊತ್ತಾಗುತ್ತದೆ ಅಂದರೆ, ಜಗಳ ಬಂದಾಗ. ಚಿಡಿಮ್ಮಾ ಅಡೆಟ್ಶಿನಾ ಹುಟ್ಟಿದ್ದು ದಕ್ಷಿಣ ಆಫ್ರಿಕಾದಲ್ಲಿ, ತಂದೆ ನೈಜೀರಿಯಾದವರು. 2024ರಲ್ಲಿ ಮಿಸ್ ಸೌತ್ ಆಫ್ರಿಕಾ ಸ್ಪರ್ಧೆಯ ಅಂತಿಮ ಸುತ್ತಿಗೆ ಬಂದಿದ್ದರು. ‘ಇವಳು ನಮ್ಮವಳಲ್ಲ’ ಎಂದು ಜನ ಮುಗಿಬಿದ್ದರು. ತಾಯಿಯ ಪೌರತ್ವ ದಾಖಲೆಗಳ ಮೇಲೆ ಸರ್ಕಾರ ಅನುಮಾನ ಎತ್ತಿತು. ಹುಡುಗಿ ಸ್ಪರ್ಧೆಯಿಂದ ಹಿಂದೆ ಸರಿದರು. ಆಮೇಲೆ ನೈಜೀರಿಯಾದ ಲೈಸೆನ್ಸ್ ಹೊಂದಿದ್ದವರು ಕರೆದರು. ಅಲ್ಲಿ ಗೆದ್ದರು. ಅದೇ ನವೆಂಬರಿನಲ್ಲಿ ಮೆಕ್ಸಿಕೋ ಸಿಟಿಯ ಭುವನ ಸುಂದರಿ ಸ್ಪರ್ಧೆಯಲ್ಲಿ ‘ನೈಜೀರಿಯಾ’ ಪಟ್ಟಿ ತೊಟ್ಟು ನಿಂತು, ಡೆನ್ಮಾರ್ಕಿನ ವಿಕ್ಟೋರಿಯಾ ಕ್ಯಾರ್ ಥೈಲ್ವಿಗ್ ನಂತರ ಎರಡನೆಯವರಾದರು. ಕೆಲವೇ ತಿಂಗಳಲ್ಲಿ ದೇಶ ಬದಲಾಯಿತು, ನಡಿಗೆ ಅದೇ ಇತ್ತು.

ನಿಕರಾಗುವಾದಲ್ಲಿ ಆದದ್ದು ಇದಕ್ಕಿಂತ ಕಠೋರ. 2023ರ ನವೆಂಬರಿನಲ್ಲಿ ಎಲ್ ಸಾಲ್ವಡೋರಿನಲ್ಲಿ ಶೆನ್ನಿಸ್ ಪಲಾಸಿಯೊಸ್ ಭುವನ ಸುಂದರಿಯಾದರು. ಆ ದೇಶಕ್ಕೆ ಅದು ಮೊದಲ ಕಿರೀಟ. ಜನ ನೀಲಿ-ಬಿಳಿ ಬಾವುಟ ಹಿಡಿದು ಬೀದಿಗೆ ಬಂದರು. ಆ ಬಾವುಟವೇ ಅಲ್ಲಿ ಸರ್ಕಾರದ ವಿರುದ್ಧದ ಗುರುತಾಗಿತ್ತು. ಪಲಾಸಿಯೊಸ್ 2018ರ ಪ್ರತಿಭಟನೆಯಲ್ಲಿ ಪಾಲ್ಗೊಂಡ ಫೋಟೊಗಳೂ ಹೊರಬಂದವು. ಮೊದಲು ಅಭಿನಂದಿಸಿದ ಸರ್ಕಾರ ಆಮೇಲೆ ಮುಖ ತಿರುಗಿಸಿತು. ಅಲ್ಲಿನ ಲೈಸೆನ್ಸ್ ಹೊಂದಿದ್ದ ಕ್ಯಾರೆನ್ ಸೆಲೆಬೆರ್ಟಿ ಅವರನ್ನು ದೇಶದೊಳಗೆ ಬಿಡಲಿಲ್ಲ, ಅವರ ಮೇಲೆ ಮೊಕದ್ದಮೆಯೂ ಬಿತ್ತು. ದೇಶದ ಹೆಸರು ಹೊತ್ತು ಗೆದ್ದರೂ ದೇಶ ನಡೆಸುವವರಿಗೆ ಆ ಗೆಲುವು ಬೇಡವಾಗಿತ್ತು.

ನಮಗೆ ಕಾಣುವುದು ಕೊನೆಯ ಮೂರು ಗಂಟೆ

ಸ್ಪರ್ಧಿಗಳು ಮೂರು ವಾರಕ್ಕೂ ಮುಂಚೆ ಬಂದಿಳಿಯುತ್ತಾರೆ. ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ದಿನ. ಊರು ಸುತ್ತಾಟ, ಪ್ರಾಯೋಜಕರ ಕಾರ್ಯಕ್ರಮ, ಫೋಟೊ, ತಾಲೀಮು. ಭುವನ ಸುಂದರಿಯಲ್ಲಿ ತೀರ್ಪುಗಾರರ ಜೊತೆ ಮುಚ್ಚಿದ ಬಾಗಿಲಿನೊಳಗೆ ಸಂದರ್ಶನ ನಡೆಯುತ್ತದೆ. ಫೈನಲ್‌ಗೆ ಒಂದೆರಡು ದಿನ ಮುಂಚೆ ಪ್ರಿಲಿಮಿನರಿ, ಅಂದರೆ ಪ್ರಾಥಮಿಕ ಸುತ್ತು. ಅಲ್ಲಿ ಎಲ್ಲರೂ ಈಜುಡುಗೆಯಲ್ಲಿ, ಆಮೇಲೆ ಗೌನ್‌ನಲ್ಲಿ ನಡೆಯುತ್ತಾರೆ. ಫೈನಲ್ ರಾತ್ರಿ ವೇದಿಕೆಯಲ್ಲಿ ಟಾಪ್ 30 ಹೆಸರು ಕೂಗುವಾಗ ಹುಡುಗಿಯರು ಕಣ್ಣರಳಿಸಿ ಬಾಯಿ ಮುಚ್ಚಿಕೊಳ್ಳುತ್ತಾರಲ್ಲ, ಆ ಆಯ್ಕೆ ಅಷ್ಟೊತ್ತಿಗೆ ಹಳೆಯದು. ಟಿವಿ ಶುರುವಾಗುವ ಮುಂಚೆಯೇ ಮುಕ್ಕಾಲು ಜನರ ಸ್ಪರ್ಧೆ ಮುಗಿದಿರುತ್ತದೆ.

ಈ ಗುಟ್ಟೇ ಅನುಮಾನಕ್ಕೂ ಜಾಗ ಮಾಡಿಕೊಡುತ್ತದೆ. 2025ರ ನವೆಂಬರಿನಲ್ಲಿ ಬ್ಯಾಂಕಾಕಿನ ಫೈನಲ್‌ಗೆ ಕೆಲವೇ ದಿನ ಇದ್ದಾಗ ಓಮರ್ ಹರ್ಫೂಶ್ ಅನ್ನುವ ಸಂಗೀತಗಾರ ತೀರ್ಪುಗಾರರ ಸ್ಥಾನ ಬಿಟ್ಟು ಹೊರಬಂದರು. ಅಧಿಕೃತ ತೀರ್ಪುಗಾರರನ್ನು ಬಿಟ್ಟು ಬೇರೊಂದು ಗುಂಪು 30 ಜನರನ್ನು ಮೊದಲೇ ಆರಿಸಿದೆ ಎಂಬುದು ಅವರ ದೂರು. ಅದು ಬೇರೆ ಕಾರ್ಯಕ್ರಮದ ಸಮಿತಿ, ಅವರು ತಪ್ಪು ತಿಳಿದಿದ್ದಾರೆ ಅಂತ ಸಂಸ್ಥೆ ಅಲ್ಲಗಳೆಯಿತು. ಯಾರಿಗೆ ಎಷ್ಟು ಅಂಕ ಬಂತು ಅನ್ನುವುದನ್ನು ಹೊರಗೆ ಹೇಳುವ ಪದ್ಧತಿ ಇದ್ದಿದ್ದರೆ ಈ ಜಗಳಕ್ಕೆ ಅರ್ಧ ನಿಮಿಷದಲ್ಲಿ ಉತ್ತರ ಸಿಗುತ್ತಿತ್ತು. 80-90ರ ದಶಕದಲ್ಲಿ ಭುವನ ಸುಂದರಿಯ ಅಂಕಗಳು ಟಿವಿ ಪರದೆಯ ಮೇಲೇ ಬರುತ್ತಿದ್ದವು. ಅದನ್ನು ಬಿಟ್ಟದ್ದು ತಪ್ಪು ಅನ್ನುವುದು ನನ್ನ ಲೆಕ್ಕ.

ವಿಶ್ವ ಸುಂದರಿಯ ದಾರಿ ಬೇರೆ. ಅಲ್ಲಿ ಪ್ರತಿಭೆ, ಕ್ರೀಡೆ, ಟಾಪ್ ಮಾಡೆಲ್, ಮಾತಿನ ಸುತ್ತು, ಸಮಾಜಸೇವೆಯ ಯೋಜನೆ ಹೀಗೆ ಸಣ್ಣಸಣ್ಣ ಸ್ಪರ್ಧೆಗಳು ಇರುತ್ತವೆ. ಅವುಗಳಲ್ಲಿ ಗೆದ್ದರೆ ನೇರವಾಗಿ ಮುಂದಿನ ಹಂತಕ್ಕೆ. ‘ಫಾಸ್ಟ್ ಟ್ರ್ಯಾಕ್’ ಅನ್ನುತ್ತಾರೆ. ಈಜುಡುಗೆ ಸುತ್ತನ್ನು 2014ರಲ್ಲೇ ಕೈಬಿಟ್ಟರು. 2025ರಲ್ಲಿ ಹೈದರಾಬಾದಿನಲ್ಲಿ ನಡೆದಾಗ ಇನ್ನೊಂದು ವಿಶೇಷವಿತ್ತು: ಖಂಡವಾರು ಲೆಕ್ಕ. ಅಮೆರಿಕ-ಕೆರಿಬಿಯನ್, ಆಫ್ರಿಕಾ, ಯುರೋಪ್, ಏಷ್ಯಾ-ಓಷಿಯಾನಿಯಾ ಅಂತ ನಾಲ್ಕು ಗುಂಪು. ಪ್ರತಿ ಗುಂಪಿನಿಂದ 10, ಆಮೇಲೆ 5, ಆಮೇಲೆ 2, ಕೊನೆಗೆ 1. ಭಾರತದ ನಂದಿನಿ ಗುಪ್ತಾ ಟಾಪ್ 20ರಲ್ಲಿ ಇದ್ದೂ ಟಾಪ್ 8ಕ್ಕೆ ಬರಲಿಲ್ಲ ಎಂದು ಅನೇಕರು ಬೇಸರಪಟ್ಟರು. ಆದರೆ ಏಷ್ಯಾಕ್ಕೆ ಇದ್ದದ್ದೇ ಎರಡು ಜಾಗ. ಒಂದು ಫಿಲಿಪ್ಪೀನ್ಸಿಗೆ, ಇನ್ನೊಂದು ಥಾಯ್ಲೆಂಡಿಗೆ ಹೋಯಿತು. ಕಿರೀಟ ಗೆದ್ದದ್ದೂ ಥಾಯ್ಲೆಂಡಿನ ಓಪಲ್ ಸುಚಾತಾ. ಅಂದರೆ ಆಕೆಯನ್ನು ದಾಟದೆ ಏಷ್ಯಾದ ಬೇರೆ ಯಾರಿಗೂ ಕೊನೆಯ ನಾಲ್ವರಲ್ಲಿ ಜಾಗವೇ ಇರಲಿಲ್ಲ.

ಇಷ್ಟೆಲ್ಲ ಲೆಕ್ಕಾಚಾರದ ಕೊನೆಗೆ ಒಂದು ಚೀಟಿ ಇರುತ್ತದೆ, ಅದನ್ನು ಓದುವ ಮನುಷ್ಯ ಇರುತ್ತಾನೆ. 2015ರಲ್ಲಿ ಲಾಸ್ ವೇಗಸ್‌ನ ಭುವನ ಸುಂದರಿ ಫೈನಲ್‌ನಲ್ಲಿ ನಿರೂಪಕ ಸ್ಟೀವ್ ಹಾರ್ವಿ ಮೊದಲ ರನ್ನರ್ ಅಪ್ ಹೆಸರನ್ನೇ ವಿಜೇತೆ ಎಂದು ಓದಿಬಿಟ್ಟರು. ಕೊಲಂಬಿಯಾದ ಅರಿಯಾಡ್ನಾ ಗುಟಿಯೆರೆಜ್ ತಲೆಗೆ ಕಿರೀಟ ಏರಿತು. ಕೆಲವು ನಿಮಿಷದಲ್ಲಿ ಹಾರ್ವಿ ವಾಪಸ್ ಬಂದು ಕ್ಷಮೆ ಕೇಳಿದರು. ಎಲ್ಲರೆದುರು ಆ ಕಿರೀಟ ಇಳಿದು ಫಿಲಿಪ್ಪೀನ್ಸಿನ ಪಿಯಾ ವುರ್ಟ್ಸ್‌ಬಾಕ್ ತಲೆಗೆ ಏರಿತು.

ಕೆಲವು ದೇಶಗಳೇ ಯಾಕೆ ಗೆಲ್ಲುತ್ತವೆ?

ವೆನೆಜುವೆಲಾ 7 ಸಲ ಭುವನ ಸುಂದರಿ, 6 ಸಲ ವಿಶ್ವ ಸುಂದರಿ ಗೆದ್ದಿದೆ. 2008, 2009ರಲ್ಲಿ ಬೆನ್ನುಬೆನ್ನಿಗೆ ಭುವನ ಸುಂದರಿ. ಅಲ್ಲಿನ ನೀರಿನ ಗುಣ ಅನ್ನುವವರಿದ್ದಾರೆ. ನೀರಲ್ಲ, ಪಾಠಶಾಲೆ. ಓಸ್ಮೆಲ್ ಸೌಸಾ ಅನ್ನುವ ವ್ಯಕ್ತಿ ಮೂರೂವರೆ ದಶಕಕ್ಕೂ ಹೆಚ್ಚು ಕಾಲ ಮಿಸ್ ವೆನೆಜುವೆಲಾ ನಡೆಸಿದರು. ರಾಜಧಾನಿ ಕಾರಕಾಸ್‌ನ ಒಂದು ಬಂಗಲೆಯಲ್ಲಿ ತಿಂಗಳುಗಟ್ಟಲೆ ತರಬೇತಿ: ನಡಿಗೆ, ಮಾತು, ವ್ಯಾಯಾಮ, ಹಲ್ಲು, ಕೂದಲು. ಮೂಗು ಸರಿ ಇಲ್ಲ ಅನ್ನಿಸಿದರೆ ಶಸ್ತ್ರಚಿಕಿತ್ಸೆಯೂ ಆಗಬಹುದು ಅನ್ನುವುದನ್ನು ಅವರು ಮುಚ್ಚಿಟ್ಟವರೇ ಅಲ್ಲ. ಫಿಲಿಪ್ಪೀನ್ಸಿನಲ್ಲಿ ಇಂಥದ್ದೇ ತರಬೇತಿ ಕ್ಯಾಂಪುಗಳಿವೆ. ಜೊತೆಗೆ ಕ್ರಿಕೆಟ್ ಹುಚ್ಚಿನಂಥ ಅಭಿಮಾನಿ ಬಳಗವೂ ಇದೆ. ಫೋನಿನಲ್ಲಿ ದುಡ್ಡು ಕೊಟ್ಟು ಮತ ಹಾಕುವ ಪದ್ಧತಿ ಬಂದ ಮೇಲೆ ಇಂಥ ಅಭಿಮಾನಿಗಳು ಕಂಪನಿಗೆ ಆದಾಯವೂ ಹೌದು.

ಭಾರತದ ಒಳ್ಳೆಯ ಕಾಲ 1994ರಿಂದ 2000. ಆ ಏಳು ವರ್ಷದಲ್ಲಿ ಎರಡು ಭುವನ ಸುಂದರಿ, ನಾಲ್ಕು ವಿಶ್ವ ಸುಂದರಿ. 2000ದಲ್ಲಿ ಲಾರಾ ದತ್ತಾ, ಪ್ರಿಯಾಂಕಾ ಚೋಪ್ರಾ ಇಬ್ಬರೂ ಗೆದ್ದರು. ಆಗಷ್ಟೇ ತೆರೆದುಕೊಂಡ ನಮ್ಮ ಮಾರುಕಟ್ಟೆಗೆ ಕಾಲಿಟ್ಟಿದ್ದ ಸೌಂದರ್ಯವರ್ಧಕ ಕಂಪನಿಗಳು ಇದಕ್ಕೆ ಕಾರಣ ಎಂಬ ಮಾತು ಆಗಿನಿಂದಲೂ ಇದೆ. ಯಾರಾದರೂ ಕೂತು ತೀರ್ಮಾನಿಸಿದರು ಅನ್ನುವುದಕ್ಕೆ ಪುರಾವೆ ಇಲ್ಲ. ಆದರೆ ಕಂಪನಿಗಳು ಬಂದದ್ದರಿಂದ ಇಲ್ಲಿನ ತರಬೇತಿಗೆ ದುಡ್ಡು ಬಂತು, ಮಾಡೆಲಿಂಗ್ ಒಂದು ಕೆಲಸ ಆಯಿತು, ಅದು ನಿಜ. ಅದಕ್ಕೆ ಮುಂಚೆ ಹೇಗಿತ್ತು? 1966ರಲ್ಲಿ ವಿಶ್ವ ಸುಂದರಿಯಾದ ರೀಟಾ ಫಾರಿಯಾ ಮೆಡಿಕಲ್ ವಿದ್ಯಾರ್ಥಿನಿ. ವರ್ಷದ ಕರಾರು ಮುಗಿಸಿ ಮತ್ತೆ ಓದಿಗೆ ಕೂತು ಡಾಕ್ಟರಾದರು. ಸುಷ್ಮಿತಾ ಸೇನ್ 1994ರ ಮಿಸ್ ಇಂಡಿಯಾಕ್ಕೆ ತೊಟ್ಟ ಗೌನ್ ಹೊಲಿದದ್ದು ಮನೆ ಹತ್ತಿರದ ಒಬ್ಬ ಟೈಲರ್. ಬಟ್ಟೆ ದಿಲ್ಲಿಯ ಸರೋಜಿನಿ ನಗರ ಮಾರ್ಕೆಟ್ಟಿನದು. ಕೈಗವಸು ಬೇಕಿತ್ತು, ಹೊಸ ಕಾಲುಚೀಲ ಕತ್ತರಿಸಿ ಮಾಡಿಕೊಂಡರು. ಅವರೇ ನಗುತ್ತಾ ಹೇಳಿಕೊಂಡ ಕತೆ ಇದು. ಇವತ್ತು ಒಂದು ಗೌನ್, ಒಂದು ‘ರಾಷ್ಟ್ರೀಯ ಉಡುಗೆ’ಗೆ ಆಗುವ ಖರ್ಚಿನ ಎದುರು ಕಾಲುಚೀಲ ನಿಲ್ಲುವುದು ಕಷ್ಟ.

ಹಾಗಾದರೆ ಕೊನೆಯ ಪ್ರಶ್ನೆಗೆ ಎಲ್ಲರೂ ಒಂದೇ ಥರ ಉತ್ತರ ಕೊಡುತ್ತಾರಲ್ಲ, ಯಾಕೆ? ಸಿಗುವುದು ಅರ್ಧ ನಿಮಿಷದಷ್ಟು ಹೊತ್ತು. ಎದುರಿಗೆ ಹತ್ತಾರು ದೇಶದ ನೋಡುಗರು, ಹಿಂದೆ ಪ್ರಾಯೋಜಕರು. ಯಾರನ್ನೂ ನೋಯಿಸಬಾರದು, ಆದರೂ ಏನೋ ಹೇಳಿದಂತೆ ಇರಬೇಕು. ಅದಕ್ಕೇ ತಾಯಿ, ಶಿಕ್ಷಣ, ಆತ್ಮವಿಶ್ವಾಸ. 2017ರಲ್ಲಿ ವಿಶ್ವ ಸುಂದರಿಯಾದ ಮಾನುಷಿ ಛಿಲ್ಲರ್‌ಗೆ ಯಾವ ವೃತ್ತಿಗೆ ಹೆಚ್ಚು ಸಂಬಳ ಕೊಡಬೇಕು ಎಂದು ಕೇಳಿದರು. ಉತ್ತರ ತಾಯ್ತನದ ಬಗ್ಗೆಯೇ ಬಂತು. 2000ದಲ್ಲಿ ಲಾರಾ ದತ್ತಾಗೆ ಬಿದ್ದದ್ದು ನಿಜಕ್ಕೂ ಚೂಪಾದ ಪ್ರಶ್ನೆ: ಈ ಸ್ಪರ್ಧೆ ಹೆಣ್ಣಿಗೆ ಅವಮಾನ ಎಂದು ಹೊರಗೆ ಪ್ರತಿಭಟನೆ ನಡೆಯುತ್ತಿದೆ, ಅವರು ತಪ್ಪು ಎಂದು ಒಪ್ಪಿಸಿ. ಉದ್ಯಮ, ಸೇನೆ, ರಾಜಕೀಯ, ಎಲ್ಲಿಗೆ ಹೋಗಬೇಕೆಂದರೂ ಹುಡುಗಿಯರಿಗೆ ಇದೊಂದು ಮೆಟ್ಟಿಲು ಎಂದು ಅವರು ಉತ್ತರಿಸಿದರು.

ಹೊರಗೆ ನಿಂತವರ ಮಾತು

ಆ ಪ್ರತಿಭಟನೆಗೂ ಸ್ಪರ್ಧೆಯಷ್ಟೇ ಇತಿಹಾಸವಿದೆ. 1970ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮಹಿಳಾ ಹೋರಾಟಗಾರರು ಹಿಟ್ಟಿನ ಪೊಟ್ಟಣ ಎಸೆದರು. ನಿರೂಪಕ ಬಾಬ್ ಹೋಪ್ ವೇದಿಕೆ ಬಿಟ್ಟು ಓಡಿದರು. ಅದೇ ರಾತ್ರಿ ಗ್ರೆನಡಾದ ಜೆನಿಫರ್ ಹೋಸ್ಟನ್ ಗೆದ್ದು ಮೊದಲ ಕಪ್ಪು ವಿಶ್ವ ಸುಂದರಿಯಾದರು. ವರ್ಣಭೇದದ ದಕ್ಷಿಣ ಆಫ್ರಿಕಾದಿಂದ ಆ ವರ್ಷ ಇಬ್ಬರು ಬಂದಿದ್ದರು. ಬಿಳಿಯ ಹುಡುಗಿಗೆ ‘ಸೌತ್ ಆಫ್ರಿಕಾ’, ಇನ್ನೊಬ್ಬ ಹುಡುಗಿ ಪರ್ಲ್ ಜಾನ್ಸೆನ್‌ಗೆ ‘ಆಫ್ರಿಕಾ ಸೌತ್’ ಅನ್ನುವ ಪಟ್ಟಿ! ಎರಡನೆಯವರಾದದ್ದು ಪರ್ಲ್. ಹಿಟ್ಟು ಎಸೆದವರು ಸರಿಯೋ, ಅಲ್ಲಿ ನಿಂತು ಗೆದ್ದವರು ಸರಿಯೋ? ನನಗೆ ಇಬ್ಬರೂ ಸರಿ ಅನ್ನಿಸುತ್ತದೆ.

ಬೆಂಗಳೂರಿಗೆ ಇದು ಬಂದದ್ದು 1996ರ ನವೆಂಬರ್ 23ರಂದು. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಅಮಿತಾಭ್ ಬಚ್ಚನ್ ಅವರ ಎಬಿಸಿಎಲ್ ಕಂಪನಿ ಆಯೋಜಿಸಿದ ವಿಶ್ವ ಸುಂದರಿ. ರೈತ ಸಂಘ, ಮಹಿಳಾ ಸಂಘಟನೆಗಳು, ಸಂಸ್ಕೃತಿಯ ಹೆಸರಿನವರು, ಒಬ್ಬರ ಮುಖ ಒಬ್ಬರು ನೋಡದವರೂ ಇಲ್ಲಿ ಒಂದೇ ಕಡೆ ನಿಂತರು. ಈಜುಡುಗೆ ಸುತ್ತನ್ನು ಸೇಶೆಲ್ಸ್ ದ್ವೀಪಕ್ಕೆ ಸಾಗಿಸಿದರು. ಭಾರೀ ಪೊಲೀಸ್ ಕಾವಲಿನಲ್ಲಿ ಫೈನಲ್ ನಡೆದು ಗ್ರೀಸಿನ ಐರೀನ್ ಸ್ಕ್ಲಿವಾ ಗೆದ್ದರು. ಎಬಿಸಿಎಲ್ ನಷ್ಟದಲ್ಲಿ ಮುಳುಗಿತು.

ನಿಯಮಗಳು ಬದಲಾದದ್ದು ಮಾತ್ರ ತುಂಬ ನಿಧಾನಕ್ಕೆ. 1974ರಲ್ಲಿ ಹೆಲೆನ್ ಮಾರ್ಗನ್ ವಿಶ್ವ ಸುಂದರಿಯಾದ ನಾಲ್ಕನೇ ದಿನಕ್ಕೆ ಕಿರೀಟ ಬಿಟ್ಟುಕೊಟ್ಟರು. ಮದುವೆಯಾಗದೆ ಮಗು ಹೊಂದಿದ್ದಾರೆ ಎಂಬ ಸುದ್ದಿಗೆ ಎದ್ದ ಗದ್ದಲ ಅಷ್ಟಿತ್ತು. 2018ರಲ್ಲಿ ಕೂಡ ಮಿಸ್ ಉಕ್ರೇನ್ ಆಗಿದ್ದ ವೆರೋನಿಕಾ ಡಿಡುಸೆಂಕೊ ಕಿರೀಟ ಕಳೆದುಕೊಂಡದ್ದು ತಾಯಿ ಎಂಬ ಕಾರಣಕ್ಕೆ. ವೇದಿಕೆಯ ಮೇಲೆ ತಾಯ್ತನವನ್ನು ಹೊಗಳಿದರೆ ಕಿರೀಟ, ತಾಯಿಯೇ ಆಗಿದ್ದರೆ ಮನೆಗೆ! ಭುವನ ಸುಂದರಿ 2023ರಿಂದ ಮದುವೆಯಾದವರಿಗೂ ತಾಯಂದಿರಿಗೂ ಬಾಗಿಲು ತೆರೆಯಿತು. 28 ವರ್ಷದ ಮಿತಿಯನ್ನು 2024ರಲ್ಲಿ ತೆಗೆದುಹಾಕಿತು. ಆ ವರ್ಷ ಮಾಲ್ಟಾದಿಂದ 40 ವರ್ಷದ ಸ್ಪರ್ಧಿ ಬಂದರು. ಟ್ರಾನ್ಸ್‌ಜೆಂಡರ್ ಮಹಿಳೆಯೊಬ್ಬರು ಅಲ್ಲಿ ಮೊದಲ ಸಲ ಸ್ಪರ್ಧಿಸಿದ್ದು 2018ರಲ್ಲಿ, ಸ್ಪೇನಿನ ಏಂಜೆಲಾ ಪೊನ್ಸೆ.

ಗೆದ್ದ ಮೇಲೆ ಸಿಗುವುದು ಒಂದು ವರ್ಷದ ಕೆಲಸ. ಸಂಬಳ, ಪ್ರವಾಸ, ಪ್ರಾಯೋಜಕರ ಕಾರ್ಯಕ್ರಮ, ಎಲ್ಲವೂ ಕರಾರಿನಲ್ಲಿ ಬರೆದಂತೆ. 2019ರಲ್ಲಿ ಬಂದ ಭುವನ ಸುಂದರಿ ಕಿರೀಟದ ಬೆಲೆ 50 ಲಕ್ಷ ಡಾಲರ್ ಎಂದು ಸುದ್ದಿಯಾಯಿತು. ಅದು ವಿಜೇತೆಯದ್ದಲ್ಲ, ಬಳಸಿ ವಾಪಸ್ ಕೊಡಬೇಕು.

ಈ ಕರಾರಿನ ಲೋಕದಲ್ಲಿ ಸ್ಪರ್ಧಿ ಎಲ್ಲರಿಗಿಂತ ಕೆಳಗಿನ ಮೆಟ್ಟಿಲು. ಮೇಲೆ ಮುಖ್ಯ ಕಂಪನಿ, ಆತಿಥ್ಯ ವಹಿಸಿದವರು, ತನ್ನ ದೇಶದ ಲೈಸೆನ್ಸ್‌ದಾರರು. 2025ರ ನವೆಂಬರ್ 4ರಂದು ಬ್ಯಾಂಕಾಕಿನ ಒಂದು ಸಭೆಯಲ್ಲಿ ಇದು ನೇರ ಪ್ರಸಾರದಲ್ಲೇ ಕಂಡಿತು. ಥಾಯ್ಲೆಂಡಿನ ಆಯೋಜಕ ನವಾತ್ ಇತ್ಸರಾಗ್ರಿಸಿಲ್, ಪ್ರಚಾರದ ಕೆಲಸಕ್ಕೆ ಬರಲಿಲ್ಲ ಎಂದು ಮೆಕ್ಸಿಕೋದ ಫಾತಿಮಾ ಬಾಷ್ ಅವರನ್ನು ಎಲ್ಲರೆದುರು ಗದರಿದರು. ನಿಮ್ಮ ದೇಶದ ಡೈರೆಕ್ಟರ್ ಹೇಳಿದಂತೆ ನಡೆಯುತ್ತೀರಾ ಅನ್ನುವುದೇ ಜಗಳದ ಮೂಲ. ಬಾಷ್ ಎದ್ದುನಿಂತು ಮಾತಾಡಿದರು. ನವಾತ್ ಕಾವಲಿನವರನ್ನು ಕರೆಸಿದರು. ಬಾಷ್ ಬಾಗಿಲ ಕಡೆ ನಡೆದರು. ಆಮೇಲೆ ಒಬ್ಬೊಬ್ಬರಾಗಿ ಬೇರೆ ಪಟ್ಟಿ ತೊಟ್ಟವರೂ ಎದ್ದರು. ಆಗ ಕಿರೀಟ ಹೊಂದಿದ್ದ ಡೆನ್ಮಾರ್ಕಿನ ಥೈಲ್ವಿಗ್ ಕೂಡ ಕೋಟು ಹಾಕಿಕೊಂಡು ಹೊರಟರು. ಆಯೋಜಕರು ಆಮೇಲೆ ಕ್ಷಮೆ ಕೇಳಿದರು. ಹದಿನೇಳು ದಿನ ಕಳೆದು, ಅದೇ ಊರಿನಲ್ಲಿ, ಬಾಷ್ ಭುವನ ಸುಂದರಿಯಾದರು. ಗೆದ್ದದ್ದು ಆ ಸಿಟ್ಟಿನಿಂದಲೋ, ನಡಿಗೆಯಿಂದಲೋ, ಇನ್ನೇನಾದರಿಂದಲೋ ಎಂಬ ವಾದ ಆ ರಾತ್ರಿಯೇ ಶುರುವಾಯಿತು. ಅಂಕಪಟ್ಟಿ ಹೊರಗೆ ಬರಲಿಲ್ಲ.